ಬೀದರ್‌ನ ಬಿಸಿಲಿನಲ್ಲಿ ಜೇನಿಗೊಂದು ಜಾಗ: ಮನೆ ತೋಟ, ಚರ್ಚ್ ಅಂಗಳದವರಿಗೆ ಕೆಲವು ಮಾತು



ಕರಾವಳಿಯ ನಮ್ಮ ಅನೇಕ ಗುರುಗಳು, ಧರ್ಮಭಗಿನಿಯರು ಮತ್ತು ಶಿಕ್ಷಕರು ರಾಜ್ಯದ ಇನ್ನೊಂದು ತುದಿಯಾದ ಬೀದರ್ ಜಿಲ್ಲೆಯಲ್ಲಿ ಸೇವೆ ಸಲ್ಲಿಸುತ್ತಿದ್ದಾರೆ. ಈ ಜಿಲ್ಲೆ 2005ರಲ್ಲಿ ಸ್ಥಾಪನೆಯಾದ ಗುಲ್ಬರ್ಗ ಧರ್ಮಪ್ರಾಂತ್ಯಕ್ಕೆ ಸೇರಿದೆ. ಅಲ್ಲಿಗೆ ಹೋದ ನಮ್ಮವರು ಮೊದಲು ಮಾಡುವ ಕೆಲಸಗಳಲ್ಲಿ ಒಂದು, ಅಂಗಳದಲ್ಲಿ ನಾಲ್ಕು ಗಿಡ ನೆಡುವುದು. ಸ್ವಲ್ಪ ದಿನಗಳ ನಂತರ ಅವರಿಂದ ಬರುವ ದೂರು ಹೆಚ್ಚಾಗಿ ಒಂದೇ: "ಕುಂಬಳದ ಬಳ್ಳಿ ಚೆನ್ನಾಗಿ ಹಬ್ಬಿದೆ, ಹೂವೂ ಬಿಡುತ್ತದೆ. ಆದರೆ ಕಾಯಿ ಬೆರಳಿನಷ್ಟಾಗುವಾಗ ಹಳದಿಯಾಗಿ ಉದುರುತ್ತದೆ. ಏನು ಮದ್ದು ಹೊಡೆಯಬೇಕು?"

ಹೆಚ್ಚಿನ ಸಂದರ್ಭಗಳಲ್ಲಿ ಅಲ್ಲಿ ಬೇಕಾಗಿರುವುದು ಮದ್ದಲ್ಲ, ಜೇನುನೊಣ. ಮದ್ದು ಹೊಡೆದರೆ ಉಳಿದ ಜೇನೂ ಹೋಗುತ್ತದೆ.

ಕಾಯಿ ಏಕೆ ಉದುರುತ್ತದೆ?

ಕುಂಬಳ, ಸೋರೆ, ಹೀರೆ, ಹಾಗಲ ಇವುಗಳಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಹೆಣ್ಣು ಹೂವಿನ ಬುಡದಲ್ಲಿ ಪುಟ್ಟ ಕಾಯಿಯ ಆಕಾರ ಮೊದಲೇ ಇರುತ್ತದೆ. ಕುಂಬಳದ ಪರಾಗ ಭಾರವಾದುದು, ಅಂಟುವಂಥದು; ಗಾಳಿ ಅದನ್ನು ಒಯ್ಯಲಾರದು. ಹೂ ಬೆಳಗಿನ ಜಾವ ಅರಳಿ, ಬಿಸಿಲೇರುವಷ್ಟರಲ್ಲಿ ಮುದುಡುತ್ತದೆ. ಆ ಕೆಲವೇ ಗಂಟೆಗಳಲ್ಲಿ ಯಾವುದಾದರೂ ಜೇನು ಗಂಡು ಹೂವಿನಿಂದ ಹೆಣ್ಣು ಹೂವಿಗೆ ಹೋಗದಿದ್ದರೆ ಕಾಯಿ ಕಟ್ಟುವುದಿಲ್ಲ. ಬೇರೆ ದಾರಿಯಿಲ್ಲದಾಗ ಗಂಡು ಹೂವನ್ನು ಕಿತ್ತು, ದಳ ತೆಗೆದು, ಹೆಣ್ಣು ಹೂವಿನ ಮಧ್ಯಕ್ಕೆ ಕೈಯಿಂದಲೇ ಸವರಬಹುದು. ಇದು ಒಂದು ಬಳ್ಳಿಗೆ ಸರಿ, ಊರಿಗೆಲ್ಲ ಸಾಧ್ಯವಿಲ್ಲ.

ಬೀದರ್ ಹೆಸರಾಗಿರುವುದು ಬೇಳೆಕಾಳುಗಳಿಗೆ. ತೊಗರಿ ತನ್ನಷ್ಟಕ್ಕೆ ಕಾಯಿ ಕಟ್ಟಬಲ್ಲ ಬೆಳೆಯಾದರೂ ಅದರ ಹಳದಿ ಹೂವುಗಳಿಗೆ ಜೇನುಗಳ ಓಡಾಟ ಬಹಳ. ಸೂರ್ಯಕಾಂತಿಯಂತೂ ಜೇನು ಬಾರದಿದ್ದರೆ ಜೊಳ್ಳು ಕಾಳು ಕೊಡುತ್ತದೆ. ಆದುದರಿಂದ ನಮ್ಮ ಅಂಗಳದ ಜೇನು ನಮ್ಮ ಬೇಲಿಯೊಳಗೆ ನಿಲ್ಲುವ ಸಂಗತಿಯಲ್ಲ. ಪಕ್ಕದ ರೈತನ ಹೊಲಕ್ಕೂ ಅದೇ ಜೇನು ಹೋಗುತ್ತದೆ.

ಯಾವ ಜೇನುಗಳಿವೆ?

ಬಂಡೆ, ಎತ್ತರದ ಮರ, ನೀರಿನ ಟ್ಯಾಂಕ್, ಹಳೆಯ ಕಮಾನುಗಳಲ್ಲಿ ಒಂದೇ ದೊಡ್ಡ ತಟ್ಟಿ ಕಟ್ಟುವುದು ಹೆಜ್ಜೇನು. ಇದು ಹೂವಿನ ಕಾಲ ನೋಡಿ ಬರುತ್ತದೆ, ಮುಗಿದಾಗ ಹೋಗುತ್ತದೆ. ನಿಂಬೆ, ಮೆಹಂದಿ, ಬೇಲಿ ಗಿಡಗಳ ಕೊಂಬೆಗೆ ಅಂಗೈಯಗಲದ ಒಂದೇ ತಟ್ಟಿ ಕಟ್ಟುವುದು ಕೋಲು ಜೇನು. ಬಿಸಿಲನ್ನು ತಾಳಿಕೊಳ್ಳುವ ಈ ಪುಟ್ಟ ಜೇನು ಬಯಲುಸೀಮೆಯ ಮನೆ ತೋಟಕ್ಕೆ ಹೇಳಿ ಮಾಡಿಸಿದಂತಿದೆ. ಮರದ ಪೊಟರೆಯಲ್ಲಿ ಹಲವು ತಟ್ಟಿ ಕಟ್ಟುವ ತುಡುವೆ ನಮಗೆ ಪೆಟ್ಟಿಗೆಯಿಂದ ಪರಿಚಿತ. ಗೋಡೆಯ ಬಿರುಕಿನಲ್ಲಿ ವಾಸಿಸುವ ಚುಚ್ಚದ ಜೇನನ್ನು ನಾವು ಕರಾವಳಿಯವರು ಮುಜಂಟಿ ಎನ್ನುತ್ತೇವೆ.

ಇವಲ್ಲದೆ ಒಂಟಿಯಾಗಿ ಬಾಳುವ ಜೇನುಗಳೂ ಇವೆ. ಇವನ್ನು ನಾವು ಜೇನೆಂದು ಗುರುತಿಸುವುದೇ ಇಲ್ಲ. ಒಣ ಮರವನ್ನು ಕೊರೆಯುವ ದೊಡ್ಡ ಕಪ್ಪು ದುಂಬಿ, ಹೊಟ್ಟೆಯ ಮೇಲೆ ನೀಲಿ ಪಟ್ಟೆಯಿರುವ ಜೇನು, ಗುಲಾಬಿ ಮತ್ತು ತೊಗರಿ ಎಲೆಯಂಚನ್ನು ಅರ್ಧ ಚಂದ್ರದಂತೆ ಕತ್ತರಿಸಿ ಒಯ್ಯುವ ಜೇನು ಈ ಗುಂಪಿನವು. ಬದನೆ, ಟೊಮೆಟೊ ಹೂವಿನ ಪರಾಗ ಸಣ್ಣ ನಳಿಕೆಯೊಳಗೆ ಇರುತ್ತದೆ. ಕಪ್ಪು ದುಂಬಿ ಮತ್ತು ನೀಲಿ ಪಟ್ಟೆಯ ಜೇನು ಹೂವನ್ನು ಹಿಡಿದು ಮೈ ನಡುಗಿಸಿ ಅದನ್ನು ಉದುರಿಸುತ್ತವೆ. ಪೆಟ್ಟಿಗೆಯ ಜೇನಿಗೆ ಈ ವಿದ್ಯೆ ಬಾರದು. ಆದುದರಿಂದ ಗುಲಾಬಿಯ ಎಲೆಯಲ್ಲಿ ಗುಂಡಗಿನ ಕತ್ತರಿ ಗುರುತು ಕಂಡರೆ ಔಷಧಿ ಹುಡುಕಬೇಡಿ. ಗಿಡಕ್ಕೆ ಅದರಿಂದ ತೊಂದರೆಯಿಲ್ಲ.

ಮಣ್ಣು ಬೇರೆ, ತೋಟವೂ ಬೇರೆ

ಕರಾವಳಿಯ ತೋಟವನ್ನು ಹಾಗೆಯೇ ಬೀದರ್‌ಗೆ ಒಯ್ಯಲು ಸಾಧ್ಯವಿಲ್ಲ. ಅಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 800ರಿಂದ 900 ಮಿಲಿಮೀಟರ್, ನಮ್ಮಲ್ಲಿಯ ನಾಲ್ಕನೇ ಒಂದು ಭಾಗದಷ್ಟು. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಆಂಥೂರಿಯಂ, ಕ್ರೋಟನ್ ಕುಂಡಗಳು ಕಣ್ಣಿಗೆ ಚೆಂದ. ಜೇನಿಗೆ ಅವುಗಳಿಂದ ಏನೂ ಸಿಗದು. ಎಸಳು ತುಂಬಿದ ಗುಲಾಬಿ, ದಾಸವಾಳಗಳಲ್ಲೂ ಜೇನಿಗೆ ಪರಾಗ ಎಟಕುವುದು ಕಷ್ಟ. ಒಂಟಿ ಸುತ್ತಿನ, ತೆರೆದ ಹೂಗಳೇ ಜೇನಿಗೆ ಇಷ್ಟ.

ಬೀದರ್ ನಗರ ಇರುವುದು ಕೆಂಪು ಜಂಬಿಟ್ಟಿಗೆಯ ಎತ್ತರದ ನೆಲದ ಮೇಲೆ. ನಮ್ಮ ಮುರಕಲ್ಲಿನ ನಂಟಿನ ಮಣ್ಣು ಇದು. ನೀರು ಬೇಗ ಇಂಗಿಹೋಗುತ್ತದೆ. ಬಹಮನಿ ಕಾಲದವರು ಇದೇ ನೆಲದಡಿ ಕರೇಜ್ ಎಂಬ ಸುರಂಗ ಕೊರೆದು ನೀರು ತಂದರು. ನೌಬಾದ್‌ನಲ್ಲಿ ಅದನ್ನು ಇಂದಿಗೂ ಕಾಣಬಹುದು. ಇಲ್ಲಿನ ಚಿಕ್ಕ ಅಂಗಳಕ್ಕೆ ನುಗ್ಗೆ, ಪೇರಲ, ನಿಂಬೆ, ಕರಿಬೇವು, ತುಳಸಿ ಸಾಕು. ಟೆರೇಸಿನ ಕುಂಡಗಳಲ್ಲಿ ನಮ್ಮ ಹತ್ತು ಗಂಟೆ ಹೂವು ನೀರು ಕಡಿಮೆಯಿದ್ದರೂ ಅರಳುತ್ತದೆ; ಬೆಳಿಗ್ಗೆ ಹೊತ್ತು ಅದರ ಮೇಲೆ ಜೇನು ಮುತ್ತಿರುತ್ತದೆ.

ಭಾಲ್ಕಿಯಲ್ಲಿ ಕಪ್ಪು ಮಣ್ಣು ಹೆಚ್ಚು. ಕಾರಂಜಾ ಜಲಾಶಯ ಇರುವುದೂ ಈ ತಾಲೂಕಿನಲ್ಲೇ. ನೀರಿರುವಲ್ಲಿ ಕಬ್ಬು, ಮಳೆಗಾಲದಲ್ಲಿ ಸೋಯಾ ಬಂದಿದೆ. ಇವೆರಡರಿಂದಲೂ ಜೇನಿಗೆ ಸಿಗುವುದು ಅಲ್ಪ. ಹೀಗಾಗಿ ಬದುವಿನಲ್ಲಿ, ಶಾಲೆಯ ಬೇಲಿಯುದ್ದಕ್ಕೆ ಹೊಂಗೆ, ನೇರಳೆ, ಬೇವು ನೆಟ್ಟರೆ ಉಪಕಾರ ದೊಡ್ಡದು. ಸ್ಥಳವಿದ್ದವರು ತರಕಾರಿ ಮಡಿಯ ಅಂಚಿಗೆ ಕೊತ್ತಂಬರಿ, ಓಮ, ಗುರೆಳ್ಳು, ಸಾಸಿವೆ ಬಿತ್ತಿ, ಎಲ್ಲವನ್ನೂ ಕೊಯ್ಯದೆ ಒಂದಷ್ಟನ್ನು ಹೂ ಬಿಡಲು ಬಿಡಬೇಕು.

ಔರಾದ್ ಕರ್ನಾಟಕದ ಅತ್ಯಂತ ಉತ್ತರದ ತಾಲೂಕು. ಮಳೆ ಕೈಕೊಟ್ಟರೆ ಕುಡಿಯುವ ನೀರಿಗೇ ಕಷ್ಟ. ಅಲ್ಲಿ ನೀರು ಬೇಡುವ ಹೂತೋಟದ ಮಾತಾಡುವುದು ಸರಿಯಲ್ಲ. ಪಾತ್ರೆ ತೊಳೆದ ನೀರು ಹರಿಯುವಲ್ಲಿ ಒಂದು ನುಗ್ಗೆ, ಸ್ನಾನದ ನೀರು ಹೋಗುವಲ್ಲಿ ಒಂದು ನಿಂಬೆ, ಬೇಲಿಗೆ ಬೇವು, ಹುಣಸೆ. ಬಡ ಕುಟುಂಬಕ್ಕೂ ಇಷ್ಟು ಸಾಧ್ಯ. ನುಗ್ಗೆ ಮನೆಗೆ ಸೊಪ್ಪು, ಕಾಯಿ ಕೊಡುತ್ತದೆ. ಜೇನಿಗೆ ಮಕರಂದ ಕೊಡುತ್ತದೆ.

ಹಸಿವಿನ ತಿಂಗಳುಗಳು

ಜೇನಿಗೆ ಆಹಾರ ವರ್ಷವಿಡೀ ಬೇಕು. ಬೀದರ್‌ನಲ್ಲಿ ಅಕ್ಟೋಬರಿನಿಂದ ಫೆಬ್ರವರಿಯವರೆಗೆ ಹೊಲದಲ್ಲಿ ತೊಗರಿ, ನಂತರ ಕುಸುಬೆ, ತೋಟದಲ್ಲಿ ಮಾವು, ಹೊಟ್ಟೆಗೆ ಕೊರತೆಯಿಲ್ಲ. ಮಾರ್ಚ್, ಏಪ್ರಿಲಿನಲ್ಲಿ ಬೇವು, ಹೊಂಗೆ ಆಧಾರ. ಬಿಸಿಲಿನ ಕೊನೆ ಮತ್ತು ಜಡಿಮಳೆಯ ದಿನಗಳು ಬಂದಾಗ ಜೇನು ಸೊರಗುತ್ತದೆ, ಗೂಡು ಬಿಟ್ಟು ಹೋಗುತ್ತದೆ. ಆದುದರಿಂದ ತೋಟ ಮಾಡುವವರು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಮೇ ತಿಂಗಳಿಂದ ಆಗಸ್ಟ್‌ವರೆಗೆ ನಮ್ಮ ಅಂಗಳದಲ್ಲಿ ಯಾವ ಹೂ ಇರುತ್ತದೆ? ತುಳಸಿ, ಹತ್ತು ಗಂಟೆ ಹೂ, ಗುಲಾಬಿ ಬಣ್ಣದ ಆಂಟಿಗೋನಾನ್ ಬಳ್ಳಿ, ದಾಳಿಂಬೆ, ತರಕಾರಿ ಬಳ್ಳಿಗಳು ಈ ಕಾಲಕ್ಕೆ ನೆರವಾಗುತ್ತವೆ.

ಆಹಾರದಷ್ಟೇ ಮುಖ್ಯ ನೀರು. ಜೇನುನೊಣಗಳು ನೀರನ್ನು ಹೊತ್ತು ತಂದು ಗೂಡಿನಲ್ಲಿ ಹನಿಸಿ, ರೆಕ್ಕೆಯಿಂದ ಗಾಳಿ ಬೀಸಿ ಮರಿಗಳನ್ನು ತಂಪಾಗಿಡುತ್ತವೆ. ನಲ್ಲಿಯ ಸುತ್ತ, ಬಟ್ಟೆ ಒಗೆಯುವ ಕಲ್ಲಿನ ಸುತ್ತ ಬೇಸಿಗೆಯಲ್ಲಿ ಜೇನು ಸುಳಿಯುವುದು ಇದಕ್ಕಾಗಿಯೇ. ಅಗಲವಾದ ಮಣ್ಣಿನ ತಟ್ಟೆಯಲ್ಲಿ ಕಲ್ಲುಗಳನ್ನಿಟ್ಟು, ಕಲ್ಲಿನ ತಲೆ ಮುಳುಗದಂತೆ ನೀರು ಹಾಕಿ, ಮಕ್ಕಳು ಓಡಾಡದ ಮೂಲೆಯಲ್ಲಿ ನೆರಳಿಗಿಡಿ. ಕಲ್ಲಿಲ್ಲದಿದ್ದರೆ ಜೇನು ಮುಳುಗಿ ಸಾಯುತ್ತದೆ. ದಿನವೂ ನೀರು ಬದಲಿಸಿದರೆ ಸೊಳ್ಳೆಯ ಭಯವಿಲ್ಲ. ತಟ್ಟೆಯ ಜಾಗ ಬದಲಿಸಬೇಡಿ. ಜೇನು ದಾರಿ ನೆನಪಿಟ್ಟುಕೊಂಡು ಬರುತ್ತದೆ.

ಇನ್ನೊಂದು ಮಾತು. ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಸುವುದು ಈಗ ನಮ್ಮಲ್ಲಿ ಅಭ್ಯಾಸವಾಗಿದೆ. ಒಂಟಿ ಜೇನುಗಳಲ್ಲಿ ಅನೇಕವು ಮಣ್ಣಿನಲ್ಲಿ, ಮಣ್ಣಿನ ಗೋಡೆಯಲ್ಲಿ ಗೂಡು ಮಾಡುತ್ತವೆ. ಬಿಸಿಲು ಬೀಳುವ ಒಂದು ಮೂಲೆಯನ್ನಾದರೂ ಬರಿಯ ಮಣ್ಣಾಗಿ ಬಿಡೋಣ.

ಮದ್ದು ಹೊಡೆಯುವ ಮುನ್ನ

ಹೂ ಬಿಟ್ಟಿರುವ ಗಿಡಕ್ಕೆ ಕೀಟನಾಶಕ ಬೇಡ. ಇಮಿಡಾಕ್ಲೋಪ್ರಿಡ್‌ನಂಥ ಔಷಧಿಗಳು ಗಿಡದ ಮೈಯೊಳಗೆ ಸೇರಿ ಪರಾಗಕ್ಕೂ ಮಕರಂದಕ್ಕೂ ತಲುಪುತ್ತವೆ. ಮನೆ ತೋಟದ ಹೇನು, ಹಿಟ್ಟು ತಿಗಣೆಗೆ ನೀರು ರಭಸದಿಂದ ಹೊಡೆಯುವುದು, ಸಾಬೂನು ನೀರು, ಬೇವಿನೆಣ್ಣೆ ಸಾಕು. ಬೇವಿನೆಣ್ಣೆಯನ್ನೂ ಸೂರ್ಯಾಸ್ತದ ನಂತರ, ಜೇನು ಗೂಡಿಗೆ ಮರಳಿದ ಮೇಲೆ ಸಿಂಪಡಿಸಬೇಕು. ನೆರೆಯ ರೈತರೊಡನೆ ಸ್ನೇಹವಿದ್ದರೆ, ಹೊಲಕ್ಕೆ ಹೊಡೆಯುವ ಔಷಧಿಯನ್ನೂ ಸಂಜೆಗೆ ಇಟ್ಟುಕೊಳ್ಳುವಂತೆ ಕೇಳಿಕೊಳ್ಳಬಹುದು.

ನಾವು ಮಾಡಿದ ತಪ್ಪು

ಕೆಲವು ವರ್ಷಗಳ ಹಿಂದೆ ಆ ಜಿಲ್ಲೆಯ ಒಂದು ಅಂಗಳದಲ್ಲಿ ನಾವು ತಂಗಿದ್ದೆವು. ಹುಣಸೆ ಮರದಲ್ಲಿ ಹೆಜ್ಜೇನು ಕಟ್ಟಿತ್ತು, ಹಬ್ಬ ಹತ್ತಿರವಿತ್ತು, ಮಕ್ಕಳು ಬರುವವರಿದ್ದರು. ಅಲ್ಲಿನ ಹಿರಿಯರೊಬ್ಬರು, "ಫಾದರ್ರೀ, ಬೆಂಕಿ ಹಚ್ಚಬ್ಯಾಡ್ರಿ, ತೊಗರಿ ಹೂ ಮುಗದ ಮ್ಯಾಲ ಅವು ತಾವೇ ಹೋಗ್ತಾವ್ರಿ" ಎಂದರು. ನಾವು ಕೇಳಲಿಲ್ಲ. ರಾತ್ರಿ ಪಂಜು ಹಿಡಿಸಿ ಸುಡಿಸಿದೆವು. ಬೆಳಿಗ್ಗೆ ಮರದ ಬುಡದಲ್ಲಿ ರಾಶಿ ರಾಶಿ ಸುಟ್ಟ ಜೇನು. ಉಳಿದವು ಎರಡು ದಿನ ರೊಚ್ಚಿಗೆದ್ದು ಸುತ್ತಾಡಿ, ದಾರಿಹೋಕರಿಬ್ಬರನ್ನು ಚುಚ್ಚಿದವು. ಭಯದಿಂದ ಮಾಡಿದ ಕೆಲಸ ಭಯವನ್ನೇ ಹೆಚ್ಚಿಸಿತು.

ಹೆಜ್ಜೇನಿನ ಅಪಾಯ ನಿಜ. ಅದನ್ನು ಹಗುರವಾಗಿ ಕಾಣಬಾರದು. ಗೂಡು ಎತ್ತರದಲ್ಲಿದ್ದು ಜನ ಓಡಾಡದ ಕಡೆ ಇದ್ದರೆ ಸುತ್ತ ಹಗ್ಗ ಕಟ್ಟಿ, ಕಾಲ ಮುಗಿಯುವವರೆಗೆ ಬಿಡಿ. ಅದರ ಕೆಳಗೆ ಹೊಗೆ, ಪಟಾಕಿ, ಕಲ್ಲೆಸೆತ ಬೇಡ. ಶಾಲೆಯ ಬಾಗಿಲಲ್ಲೇ ಇದ್ದರೆ ಸುಡದೆ ಬಿಡಿಸಬಲ್ಲ ಅನುಭವಿಗಳನ್ನು ಕರೆಸಿ. ಜೇನು ಎದ್ದರೆ ಕೈ ಬೀಸದೆ, ಮುಖ ಮುಚ್ಚಿಕೊಂಡು ಕೊಠಡಿಯೊಳಗೆ ಓಡಿ ಬಾಗಿಲು ಹಾಕಿ. ಚುಚ್ಚಿದ ಮುಳ್ಳನ್ನು ತಡಮಾಡದೆ ಉಗುರಿನಿಂದ ಕೆರೆದು ತೆಗೆಯಿರಿ. ತುಂಬಾ ಕಡೆ ಚುಚ್ಚಿದ್ದರೆ, ಉಸಿರು ಕಟ್ಟಿದರೆ, ಮುಖ ಊದಿದರೆ ಮನೆಮದ್ದಿಗೆ ಕಾಯದೆ ಆಸ್ಪತ್ರೆಗೆ ಒಯ್ಯಿರಿ.

ಪೆಟ್ಟಿಗೆ ತರಬೇಕೇ?

ಜೇನು ಪೆಟ್ಟಿಗೆಯ ಕಥೆಯಲ್ಲಿ ಧರ್ಮಸಭೆಯ ಪಾಲೂ ಇದೆ. ತುಡುವೆ ಜೇನಿಗೆ ದಕ್ಷಿಣ ಭಾರತದಲ್ಲಿ ಇಂದಿಗೂ ಬಳಕೆಯಲ್ಲಿರುವ ನ್ಯೂಟನ್ ಪೆಟ್ಟಿಗೆಗೆ ಆ ಹೆಸರು ಬಂದದ್ದು ಯೇಸುಸಭೆಯ ಗುರು ನ್ಯೂಟನ್ ಅವರಿಂದ. 1911ರಿಂದ 1917ರ ಅವಧಿಯಲ್ಲಿ ತಿರುಚಿರಾಪಳ್ಳಿಯ ಕಡೆ ಅವರು ಹಳ್ಳಿಯ ಜನರಿಗೆ ಜೇನು ಸಾಕಣೆ ಕಲಿಸಿದರು. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಬಂದು ದಕ್ಷಿಣದ ತುಡುವೆ ಗೂಡುಗಳಲ್ಲಿ ಬಹುಪಾಲು ನಾಶವಾದುದನ್ನು ನಮ್ಮ ಕರಾವಳಿಯ ಹಿರಿಯ ಕೃಷಿಕರು ಮರೆತಿರಲಾರರು.

ಆದರೆ ಹೂವಿಲ್ಲದ ಕಡೆ ಪೆಟ್ಟಿಗೆ ತಂದಿಟ್ಟರೆ ತುಡುವೆ ಒಂದು ದಿನ ಖಾಲಿ ಮಾಡಿ ಹೋಗುತ್ತದೆ. ಮೊದಲು ಒಂದು ವರ್ಷ ಹೂವು, ನೀರು, ನೆರಳು ಸಿದ್ಧವಾಗಲಿ. ತಾವಾಗಿ ಬರುವ ಕೋಲು ಜೇನು, ದುಂಬಿಗಳನ್ನು ಗಮನಿಸಿ. ಆಮೇಲೂ ಆಸಕ್ತಿಯಿದ್ದರೆ ಬೀದರ್ ಸಮೀಪದ ಜನವಾಡದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ ಮುಂದುವರಿಯಿರಿ.

ಕೊನೆಯದಾಗಿ

ಪಾಸ್ಖ ಜಾಗರಣೆಯ ರಾತ್ರಿ ಹೊಸ ಮೇಣದಬತ್ತಿಯ ಮುಂದೆ ಹಾಡುವ ಘೋಷಣೆಯಲ್ಲಿ ಜೇನುನೊಣದ ದುಡಿಮೆಯ ಸ್ಮರಣೆಯಿದೆ. ದೇವರ ಮುಂದೆ ಅಷ್ಟು ಪವಿತ್ರವಾದ ರಾತ್ರಿಯಲ್ಲಿ ಧರ್ಮಸಭೆ ಈ ಪುಟ್ಟ ಜೀವಿಯನ್ನು ನೆನೆಯುತ್ತದೆ. ವಿಶ್ವಗುರು ಫ್ರಾನ್ಸಿಸ್ ಅವರು 2015ರ ತಮ್ಮ ವಿಶ್ವಪರಿಪತ್ರ 'ಲೌದಾತೊ ಸೀ'ಯಲ್ಲಿ, ನಾವು ಗಮನಿಸದ ಹುಳ, ಕೀಟಗಳೂ ಸೃಷ್ಟಿಯ ಸಮತೋಲನಕ್ಕೆ ಅಗತ್ಯವೆಂದು ನೆನಪಿಸಿದರು.

ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಮುನ್ನ ಒಂಬತ್ತು ದಿನ ನಮ್ಮ ಮಕ್ಕಳು ಬುಟ್ಟಿ ತುಂಬ ಹೂ ತಂದು ಮಾತೆ ಮರಿಯಮ್ಮನಿಗೆ ಅರ್ಪಿಸುತ್ತಾರೆ. ಮುಂದಿನ ಬಾರಿ ಕ್ರಿಸ್ತೋಪದೇಶದ ಶಿಕ್ಷಕರು ಮಕ್ಕಳಿಗೆ ಒಂದು ಮಾತು ಸೇರಿಸಿ ಹೇಳಲಿ: ಕೊಯ್ಯುವಷ್ಟೇ ಹೂವನ್ನು ಗಿಡದಲ್ಲೂ ಬಿಡಿ, ಅದು ಜೇನಿನ ಪಾಲು. ವಾಳೆಯ ಗುರ್ಕಾರರು ಬೇಸಿಗೆಯಲ್ಲಿ ಮನೆಗೊಂದು ನೀರಿನ ತಟ್ಟೆ ಇಡುವಂತೆ ಹೇಳಲಿ. ಬೀದರ್, ಭಾಲ್ಕಿ, ಔರಾದ್‌ನಲ್ಲಿರುವ ನಮ್ಮ ಗುರುಗಳು, ಭಗಿನಿಯರು ಗೂಡಿಗೆ ಬೆಂಕಿ ಇಡುವ ಮುನ್ನ ಊರಿನ ಹಿರಿಯರ ಮಾತೊಂದನ್ನು ಕೇಳಲಿ. ನಾವು ಕೇಳದೆ ಕಲಿತ ಪಾಠ ಅದು.