ಬಾವಿ ಉಳಿಯಿತು, ಬಾಪೂ ಮಾತು?

ನಮ್ಮ ಬೆಳಗಾವಿಗೆ ಬಂದ ನೆಂಟರಿಗೆ ಕೋಟೆ, ಕಮಲ ಬಸದಿ ತೋರಿಸಿ, ಕುಂದಾ ಕಟ್ಟಿಸಿಕೊಟ್ಟು ಕಳಿಸುವುದು ವಾಡಿಕೆ. ನಾನು ಟಿಳಕವಾಡಿಗೂ ಕರೆದೊಯ್ಯುತ್ತೇನೆ. ಅಲ್ಲಿ ಕಾಂಗ್ರೆಸ್ ಬಾವಿಯಿದೆ, 1924ರ ಕಾಂಗ್ರೆಸ್ ಅಧಿವೇಶನದ ನೆನಪಿನ ವೀರಸೌಧವಿದೆ. ದಿನಾ ಕಾಂಗ್ರೆಸ್ ರಸ್ತೆಯಲ್ಲಿ ಓಡಾಡುವವರನ್ನು ಕೇಳಿದರೆ ಗಾಂಧೀಜಿ ಬಂದಿದ್ದರು ಅನ್ನುತ್ತಾರೆ. ಬಂದು ಏನು ಹೇಳಿದರು ಅಂದರೆ ಸುಮ್ಮನಾಗುತ್ತಾರೆ. 2024ರಲ್ಲಿ ಶತಮಾನೋತ್ಸವಕ್ಕೆಂದು ಊರಿಡೀ ದೀಪ ಹಾಕಿದ್ದರು. ಗಾಂಧೀಜಿಯ ಅಧ್ಯಕ್ಷ ಭಾಷಣ ಓದಿದವರು ಆಗಲೂ ನನಗೆ ಸಿಗಲಿಲ್ಲ. ನನ್ನ ಸಂಕಟ ಅದು.

1924ರ ಡಿಸೆಂಬರ್ 26, 27ರಂದು ಇಲ್ಲಿ ಕಾಂಗ್ರೆಸ್ಸಿನ 39ನೇ ಅಧಿವೇಶನ ನಡೆಯಿತು. ಗಾಂಧೀಜಿ ಅಧ್ಯಕ್ಷರಾದ ಅಧಿವೇಶನ ಅದೊಂದೇ. ಗಂಗಾಧರರಾವ್ ದೇಶಪಾಂಡೆಯವರ ಮುಂದಾಳತ್ವ. ಬಯಲಿಗೆ ವಿಜಯನಗರವೆಂದು ಹೆಸರಿಟ್ಟರು. ಸಾವಿರಾರು ಮಂದಿಗೆ ನೀರು ಬೇಕಲ್ಲ, ಅದಕ್ಕೆ ತೋಡಿಸಿದ ಬಾವಿ ಇದು. ಅದಕ್ಕೆ ಪಂಪಾ ಸರೋವರವೆಂದು ಹೆಸರು.

ಚರಕ, ಹಿಂದೂ–ಮುಸ್ಲಿಂ ಐಕ್ಯ, ಅಸ್ಪೃಶ್ಯತೆಯ ನಿವಾರಣೆ ಆ ಭಾಷಣದ ಜೀವಾಳ. ಸದಸ್ಯನಾಗುವವನು ತಿಂಗಳಿಗೆ 2000 ಗಜ ನೂಲು ಕೊಡಬೇಕೆಂಬ ನಿಯಮವೂ ಇಲ್ಲೇ ಆಯಿತು. ಅಸ್ಪೃಶ್ಯತೆಯ ಮಾತು ಎಷ್ಟು ಹತ್ತಿರದ್ದೆಂದು ತಿಳಿಯಲು ಗಾಯಕಿ ಗಂಗೂಬಾಯಿ ಹಾನಗಲ್ಲರನ್ನು ನೆನೆಯಬೇಕು. ಆ ಅಧಿವೇಶನದಲ್ಲಿ ಹಾಡಿದಾಗ ಅವರಿನ್ನೂ ಹುಡುಗಿ. ಊಟವಾದ ಮೇಲೆ ಜಾತಿಯ ಕಾರಣಕ್ಕೆ ಎಂಜಲೆಲೆ ಎತ್ತಲು ಹೇಳಿಯಾರೋ ಎಂಬ ಭಯ ತನಗಿತ್ತೆಂದು ಮುಂದೆ ಅವರೇ ಹೇಳಿಕೊಂಡಿದ್ದಾರೆ. ಸ್ವಾಗತದ ಹಾಡು ಹಾಡುವ ಮಗುವಿನ ಎದೆಯಲ್ಲೂ ಆ ಅಂಜಿಕೆ!

ಕನ್ನಡಿಗರು ತಪ್ಪದೆ ಓದಬೇಕಾದದ್ದು ಸ್ವರಾಜ್ಯದ ರೂಪುರೇಷೆ ಹೇಳುವ ಭಾಗ. ಸೇನೆಯ ಖರ್ಚು ಇಳಿಯಬೇಕು, ಬಡವರಿಗೂ ಎಟಕುವಂತೆ ನ್ಯಾಯ ಅಗ್ಗವಾಗಬೇಕು, ಮದ್ಯ ನಿಲ್ಲಬೇಕು ಎನ್ನುತ್ತ ಗಾಂಧೀಜಿ ಭಾಷೆಗೆ ಬರುತ್ತಾರೆ: ಪ್ರಾಂತಗಳನ್ನು ಭಾಷೆಯ ಆಧಾರದ ಮೇಲೆ ಮತ್ತೆ ವಿಂಗಡಿಸಬೇಕು, ಪ್ರಾಂತದ ಸರ್ಕಾರ, ಶಾಸನಸಭೆ, ಕೋರ್ಟು ಜನರ ಭಾಷೆಯಲ್ಲೇ ನಡೆಯಬೇಕು. ಆಗ ಬೆಳಗಾವಿ ಮುಂಬಯಿ ಪ್ರಾಂತದಲ್ಲಿತ್ತು. ಕನ್ನಡಿಗರು ಮೈಸೂರು, ಮದರಾಸು, ಹೈದರಾಬಾದು, ಕೊಡಗು ಎಂದು ಚದುರಿಹೋಗಿದ್ದರು. ಅದೇ ಸಂದರ್ಭದಲ್ಲಿ ಇಲ್ಲೇ ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಕರ್ನಾಟಕ ಏಕೀಕರಣ ಸಮ್ಮೇಳನವೂ ಸೇರಿತು. ರಾಜ್ಯ ಒಂದಾಗಲು 1956ರವರೆಗೆ ಕಾಯಬೇಕಾಯಿತು.

ವೀರಸೌಧದ ಚಿತ್ರಗಳು ಇರಲಿ. ಅವುಗಳ ಜೊತೆಗೆ ಭಾಷಣದ ಆ ಭಾಗವನ್ನು ಕನ್ನಡದಲ್ಲೂ ಮರಾಠಿಯಲ್ಲೂ ದೊಡ್ಡ ಅಕ್ಷರದಲ್ಲಿ ಕೆತ್ತಿಸಿ ಬಾವಿಯ ಬಳಿ ನಿಲ್ಲಿಸಬೇಕು. ಎರಡೂ ಭಾಷೆಯವರು ಬಾಳುವ ಊರಿದು. ಇಬ್ಬರಿಗೂ ಸೇರಿದ ಮಾತು ಅದು. ನನ್ನನ್ನು ಕೇಳಿದರೆ ಕೋರ್ಟಿನ ಮಾತು ಎಲ್ಲಕ್ಕಿಂತ ಮೇಲಿರಲಿ. ನಮ್ಮ ಹೈಕೋರ್ಟಿನ ತೀರ್ಪುಗಳು ಇವತ್ತಿಗೂ ಬಹುಪಾಲು ಇಂಗ್ಲಿಷಿನಲ್ಲೇ ಬರುತ್ತವೆ. ಜಮೀನಿನ ವ್ಯಾಜ್ಯ ಗೆದ್ದ ರೈತ ಗೆದ್ದದ್ದು ಹೌದೋ ಅಲ್ಲವೋ ಎಂದು ವಕೀಲರನ್ನೇ ಕೇಳಿ ತಿಳಿಯಬೇಕು.