ಬೆನ್ನುಹುರಿಗೆ ಗುಂಡೇಟು ಬಿದ್ದರೆ ಮುಂದೇನು? ಗುಂಡು ಹೊರತೆಗೆದರೆ ಕಾಲಿಗೆ ಬಲ ಬರುತ್ತಾ?

ನವದೆಹಲಿ: ಆರ್.ಕೆ.ಪುರಂನ ದೆಹಲಿ ಕರ್ನಾಟಕ ಸಂಘದಿಂದ ಕೆಲವೇ ಕಿಲೋಮೀಟರ್ ದೂರದ ವಸಂತ್ ಕುಂಜ್‌ನಲ್ಲಿ ಇಂಡಿಯನ್ ಸ್ಪೈನಲ್ ಇಂಜುರೀಸ್ ಸೆಂಟರ್ ಇದೆ. ಅದನ್ನು ಕಟ್ಟಿದವರು ವೈದ್ಯರಲ್ಲ, ಗುಂಡೇಟು ತಿಂದ ಸೈನಿಕ. ಮೇಜರ್ ಎಚ್.ಪಿ.ಎಸ್. ಅಹ್ಲುವಾಲಿಯಾ 1965ರ ಮೇ 29ರಂದು ಎವರೆಸ್ಟ್ ಏರಿದ್ದರು. ಅದೇ ವರ್ಷದ ಭಾರತ-ಪಾಕ್ ಯುದ್ಧದ ವೇಳೆ ಬೆನ್ನುಹುರಿಗೆ ಗುಂಡು ತಗುಲಿ ವೀಲ್‌ಚೇರ್ ಹಿಡಿಯಬೇಕಾಯಿತು. ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದ ಅವರು, ಅಂಥದ್ದೇ ಕೇಂದ್ರವನ್ನು ದೆಹಲಿಯಲ್ಲಿ ಹುಟ್ಟುಹಾಕಿದರು. 2022ರ ಜನವರಿಯಲ್ಲಿ ನಿಧನರಾದರು.

ಗುಂಡು ತಾಗದಿದ್ದರೂ ಪೆಟ್ಟು

ಗುಂಡು ನೇರವಾಗಿ ಬೆನ್ನುಹುರಿಯನ್ನು ಸೀಳಬೇಕೆಂದೇನಿಲ್ಲ. ಪಕ್ಕದಲ್ಲಿ ಹಾದುಹೋದರೂ ಅದರ ವೇಗದ ಒತ್ತಡ, ಮುರಿದ ಮೂಳೆಯ ಚೂರುಗಳು ನರಗಳನ್ನು ಜಜ್ಜಬಲ್ಲವು. ಆಸ್ಪತ್ರೆಯಲ್ಲಿ ಮೊದಲ ಗಮನ ಉಸಿರಾಟ ಮತ್ತು ರಕ್ತಸ್ರಾವದ ಕಡೆಗೆ. ಬೆನ್ನಿನ ಸರದಿ ಆಮೇಲೆ. ಗುಂಡು ಎಲ್ಲಿದೆ ಎಂದು ನೋಡಲು ಸಾಮಾನ್ಯವಾಗಿ ಸಿಟಿ ಸ್ಕ್ಯಾನ್ ಮಾಡುತ್ತಾರೆ. ಉಕ್ಕಿನ ಅಂಶವಿರುವ ಗುಂಡು ಎಂಆರ್‌ಐನ ಅಯಸ್ಕಾಂತಕ್ಕೆ ಕದಲುವ ಅಪಾಯವಿದೆ.

ಗುಂಡು ತೆಗೆಯಲೇಬೇಕಾ?

ಮನೆಯವರು ಮೊದಲು ಕೇಳುವುದೇ ಇದನ್ನು. ಸಿನಿಮಾಗಳಲ್ಲಿ ಗುಂಡು ಟ್ರೇಗೆ ಬಿದ್ದ ಸದ್ದಾದರೆ ರೋಗಿ ಉಳಿದ ಎಂದರ್ಥ. ವಾಸ್ತವ ಬೇರೆ. ಪೆಟ್ಟು ಆಗುವುದು ಗುಂಡು ಹಾದ ಕ್ಷಣದಲ್ಲಿ. ಅದನ್ನು ತೆಗೆದ ಮಾತ್ರಕ್ಕೆ ಸತ್ತ ನರ ಬದುಕುವುದಿಲ್ಲ. ಹಾಗಾಗಿ ಎಷ್ಟೋ ಬಾರಿ ಗುಂಡನ್ನು ಹಾಗೆಯೇ ಬಿಡುತ್ತಾರೆ. ಬಲಹೀನತೆ ಹೆಚ್ಚುತ್ತಾ ಹೋದರೆ, ಮೆದುಳು-ಬೆನ್ನುಹುರಿ ದ್ರವ ಸೋರುತ್ತಿದ್ದರೆ, ಸೋಂಕು ಅಥವಾ ಸೀಸದ ವಿಷ ಕಾಣಿಸಿದರೆ ಮಾತು ಬೇರೆ. ಸೊಂಟದ ಭಾಗದ ನರಗಳ ಮೇಲೆ ಗುಂಡು ಒತ್ತುತ್ತಿದ್ದಾಗಲೂ ಶಸ್ತ್ರಚಿಕಿತ್ಸೆಯಿಂದ ಲಾಭವಾಗಬಹುದು. ಗುಂಡು ಕರುಳನ್ನು ಹಾದು ಬಂದಿದ್ದರೆ ಆ್ಯಂಟಿಬಯೋಟಿಕ್ ಮುಖ್ಯ. ಸ್ಟೀರಾಯ್ಡ್ ಕೊಡುವ ಪದ್ಧತಿಯನ್ನು ಗುಂಡೇಟಿನ ಪ್ರಕರಣಗಳಲ್ಲಿ ಕೈಬಿಡಲಾಗಿದೆ.

1965ರ ಯುದ್ಧದಲ್ಲೇ ಗುಂಡೇಟು ತಿಂದ ಮುರಳೀಕಾಂತ್ ಪೇಟ್ಕರ್ ಬೆನ್ನಿನಲ್ಲಿ ಗುಂಡು ಇಟ್ಟುಕೊಂಡೇ ಈಜು ಕಲಿತರು. 1972ರ ಹೈಡೆಲ್‌ಬರ್ಗ್ ಪ್ಯಾರಾಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಮೊದಲ ಚಿನ್ನ ತಂದವರು ಅವರೇ.

ಚೇತರಿಕೆ ಎಷ್ಟು?

ಮೊದಲ ಕೆಲವು ದಿನ, ಕೆಲವೊಮ್ಮೆ ವಾರಗಳ ಕಾಲ ಬೆನ್ನುಹುರಿ ಆಘಾತದಲ್ಲಿರುತ್ತದೆ. ಆಗಿನ ಸ್ಥಿತಿ ನೋಡಿ ಭವಿಷ್ಯ ಹೇಳುವುದು ಕಷ್ಟ. ಗುದದ್ವಾರದ ಸುತ್ತ ಸ್ಪರ್ಶ ತಿಳಿಯುತ್ತಿದ್ದರೆ ಅದು ಒಳ್ಳೆಯ ಸೂಚನೆ; ಗಾಯ ಅಪೂರ್ಣ ಎಂದರ್ಥ. ಹೆಚ್ಚಿನ ಚೇತರಿಕೆ ಮೊದಲ ಆರು ತಿಂಗಳಲ್ಲಿ ಕಾಣುತ್ತದೆ, ನಂತರ ನಿಧಾನ.

ಜೀವ ತೆಗೆಯುವುದು ಹೆಚ್ಚಾಗಿ ಗುಂಡಲ್ಲ, ಆಮೇಲಿನ ನಿರ್ಲಕ್ಷ್ಯ. ಮಲಗಿದ್ದಲ್ಲೇ ಆಗುವ ಹುಣ್ಣು ಮತ್ತು ಮೂತ್ರದ ಸೋಂಕು ದೊಡ್ಡ ಶತ್ರುಗಳು. ಹಾಸಿಗೆಯಲ್ಲಿದ್ದಾಗ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ನಾಲ್ಕರಿಂದ ಆರು ಗಂಟೆಗೊಮ್ಮೆ ಶುಚಿಯಾದ ಕ್ಯಾಥೆಟರ್‌ನಿಂದ ಮೂತ್ರ ತೆಗೆಯಬೇಕು. ಇದನ್ನು ಮನೆಯವರು ಆಸ್ಪತ್ರೆಯಲ್ಲೇ ಕಲಿತು ಬರುವುದು ಲೇಸು. ಎದೆಯ ಮಟ್ಟದಲ್ಲಿ ಅಥವಾ ಅದಕ್ಕೂ ಮೇಲೆ ಗಾಯವಾದವರಿಗೆ ಇದ್ದಕ್ಕಿದ್ದಂತೆ ತಲೆ ಸಿಡಿದು ಬೆವರಿದರೆ ಬಿಪಿ ಏರಿದೆ ಎಂದೇ ತಿಳಿಯಿರಿ. ತಕ್ಷಣ ಎಬ್ಬಿಸಿ ಕೂರಿಸಿ, ಮೂತ್ರ ಕಟ್ಟಿದೆಯೇ ನೋಡಿ, ಇಳಿಯದಿದ್ದರೆ ಆಸ್ಪತ್ರೆಗೆ ಓಡಬೇಕು.

ಕರ್ನಾಟಕದವರು ಪುನಶ್ಚೇತನಕ್ಕಾಗಿ ದೆಹಲಿಗೇ ಬರಬೇಕಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರಸಂಬಂಧಿ ಪುನಶ್ಚೇತನ ವಿಭಾಗವಿದೆ. ಶೇ 40 ಅಥವಾ ಹೆಚ್ಚಿನ ವೈಕಲ್ಯ ದೃಢಪಟ್ಟರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ಮೀಸಲಾತಿ ಸೇರಿದಂತೆ ಹಲವು ಸೌಲಭ್ಯಗಳಿಗೆ ಅರ್ಹತೆ ಸಿಗುತ್ತದೆ. ಯುಡಿಐಡಿ ಕಾರ್ಡ್‌ಗೆ ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು.