ಮರದಿಂದ ಬಿದ್ದ ಮರಿಯೇ ಮೊದಲ ಪಾಠ

ಬೆಂಗಳೂರಿನಿಂದ ಮೈಸೂರಿನ ಕಡೆಗೆ ಹೋಗುವಾಗ ಮದ್ದೂರು ಸಿಗುವ ಮೊದಲೇ ರುದ್ರಾಕ್ಷಿಪುರದ ಬಳಿ ಎಡಕ್ಕೆ ತಿರುಗಿ ಸುಮಾರು 12 ಕಿಲೋಮೀಟರ್ ಸಾಗಿದರೆ, ಶಿಂಷಾ ನದಿಗೆ ಹತ್ತಿರದಲ್ಲಿ, ಮನೆಗಳ ನಡುವೆಯೇ ಹಕ್ಕಿಗಳು ಗೂಡು ಕಟ್ಟುವ ಕೊಕ್ಕರೆ ಬೆಳ್ಳೂರು ಸಿಗುತ್ತದೆ. ಪಕ್ಷಿಗಳ ಬಗ್ಗೆ ಜನರಿಗೆ ತಿಳಿವಳಿಕೆ ಕೊಡುವ ಕೇಂದ್ರ ಎಂದರೆ ನಮ್ಮ ಕಣ್ಣ ಮುಂದೆ ಬರುವುದು ಒಂದು ಕಟ್ಟಡ, ಗೋಡೆಯ ಮೇಲಿನ ಚಿತ್ರಫಲಕಗಳು, ಸಾಲಾಗಿ ಬಂದು ಹೋಗುವ ಶಾಲಾ ಮಕ್ಕಳು. ಇವೆಲ್ಲ ಬೇಕು, ಬೇಡವೆನ್ನುವವರಿಲ್ಲ. ಆದರೆ ಅಂಥ ಕೇಂದ್ರದ ನಿಜವಾದ ಪರೀಕ್ಷೆ ನಡೆಯುವುದು ಪಕ್ಷಿಯಿಂದ ದಿನನಿತ್ಯ ತೊಂದರೆ ಅನುಭವಿಸುವವರ ಮನೆಯಂಗಳದಲ್ಲಿ. ಭಾನುವಾರ ದುರ್ಬೀನು ಹಿಡಿದು ಬರುವವನಿಗೆ ಹಕ್ಕಿಯನ್ನು ಪ್ರೀತಿಸಲು ಏನೂ ಖರ್ಚಿಲ್ಲ. ಹೆಂಚಿನ ಮೇಲೆ ಹಿಕ್ಕೆ ಬೀಳುವ, ಹಿತ್ತಲಲ್ಲಿ ಕೊಳೆತ ಮೀನಿನ ವಾಸನೆ ತುಂಬುವ, ಹುಣಸೆ ಫಸಲು ಕೈತಪ್ಪುವ ಮನೆಯವರು ಹಕ್ಕಿಯ ಪರ ನಿಂತಾಗ ಮಾತ್ರ ಶಿಕ್ಷಣ ನಾಟಿದೆ ಎನ್ನಬಹುದು. ಆ ಲೆಕ್ಕದಲ್ಲಿ ನೋಡಿದರೆ ಈ ಊರು ನಮ್ಮ ನಾಡಿನ ಅತ್ಯುತ್ತಮ ಪಕ್ಷಿ ಪಾಠಶಾಲೆಗಳಲ್ಲಿ ಒಂದು. ಇಲ್ಲಿ ಪಾಠ ಕಲಿತವರೂ ಕಲಿಸಿದವರೂ ಊರಿನವರೇ.

ಇಲ್ಲಿಗೆ ಬರುವ ಹಕ್ಕಿಗಳಲ್ಲಿ ಮುಖ್ಯವಾದವು ಎರಡು: ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆ. ಚಳಿಗಾಲದ ಹೊತ್ತಿಗೆ ಬಂದು, ಊರೊಳಗಿನ ಹುಣಸೆ, ಆಲ, ಅರಳಿ ಮರಗಳ ನೆತ್ತಿಯಲ್ಲಿ ಕಡ್ಡಿ ಜೋಡಿಸಿ ಗೂಡು ಕಟ್ಟಿ, ಬೇಸಿಗೆ ಮುಗಿಯುವಷ್ಟರಲ್ಲಿ ಮರಿಗಳೊಂದಿಗೆ ಹೊರಟುಬಿಡುತ್ತವೆ. ಹೆಜ್ಜಾರ್ಲೆಯ ಮೇಲ್ಕೊಕ್ಕಿನ ಅಂಚಿನುದ್ದಕ್ಕೂ ಚುಕ್ಕೆಗಳಿರುತ್ತವೆ, ಕೆಳಗೆ ಚರ್ಮದ ಚೀಲ ಜೋತಾಡುತ್ತದೆ. ಕೆರೆಯಿಂದ ಮೀನು ತುಂಬಿಕೊಂಡು ಬಂದ ತಾಯಿಯೋ ತಂದೆಯೋ ಬಾಯಿ ತೆರೆದರೆ, ಮರಿ ತನ್ನ ತಲೆಯನ್ನೇ ಆ ಗಂಟಲೊಳಗೆ ತೂರಿಸಿ ಅರೆಜೀರ್ಣವಾದ ಮೀನನ್ನು ಕಿತ್ತು ತಿನ್ನುತ್ತದೆ. ಗೂಡಿನಲ್ಲಿ ಎರಡು ಮೂರು ಮರಿಗಳಿದ್ದರೆ ಬಲವಾದದ್ದು ಮುಂದೆ ನುಗ್ಗುತ್ತದೆ, ಸಣ್ಣದು ಹಿಂದೆ ಉಳಿಯುತ್ತದೆ. ಈ ನೂಕಾಟದಲ್ಲೋ ಬಿರುಗಾಳಿಗೋ ಮರಿ ಜಾರಿ ಕೆಳಗೆ ಬಿದ್ದರೆ, ಮರದ ಮೇಲಿನ ತಾಯಿ ಅದಕ್ಕೆ ಉಣಿಸಲು ನೆಲಕ್ಕಿಳಿಯುವುದಿಲ್ಲ. ಮೂಳೆ ಮುರಿಯದೆ ಉಳಿದರೂ ನಾಯಿಯ ಬಾಯಿಗೆ ಹೋಗುತ್ತದೆ, ಇಲ್ಲವೇ ಹಸಿದು ಸಾಯುತ್ತದೆ. ಊರಿನ ಕಥೆ ಹೊಸ ತಿರುವು ಪಡೆದದ್ದು ಹೀಗೆ ಬಿದ್ದ ಮರಿಯಿಂದಲೇ.

ಅದಕ್ಕೂ ಮೊದಲೇ ಈ ಊರಿಗೆ ತನ್ನದೇ ಆದ ತಿಳಿವಳಿಕೆ ಇತ್ತು. ಹಕ್ಕಿಗಳನ್ನು ಇಲ್ಲಿಯವರು ಬಾಣಂತನಕ್ಕೆ ತವರಿಗೆ ಬರುವ ಹೆಣ್ಣುಮಕ್ಕಳೆಂದು ಕಾಣುತ್ತಾರೆ. ಹಿಂದೆ ಪ್ಲೇಗು ಬಂದು ನದಿಯ ಬದಿಯ ಹಳೆಯ ಊರನ್ನು ಬಿಟ್ಟಾಗ ಹಕ್ಕಿಗಳೂ ತಮ್ಮೊಂದಿಗೆ ಹೊಸ ಊರಿಗೆ ಬಂದವು ಎಂಬುದು ಹಿರಿಯರ ಮಾತು. ನಂಬಿಕೆಯ ಜೊತೆಗೆ ಲಾಭವೂ ಸೇರಿತ್ತು. ಮರದ ಬುಡದಲ್ಲಿ ಬೀಳುವ ಹಿಕ್ಕೆ ಹೊಲಕ್ಕೆ ಒಳ್ಳೆಯ ಗೊಬ್ಬರ. ತಮಿಳುನಾಡಿನ ವೇಡಂತಾಂಗಲ್‌ನಲ್ಲಿ ಹಕ್ಕಿಗಳನ್ನು ಕಾಯಲು ರೈತರು 1798ರಲ್ಲೇ ಅಂದಿನ ಬ್ರಿಟಿಷ್ ಕಲೆಕ್ಟರರಿಂದ ಆದೇಶ ಪಡೆದದ್ದಕ್ಕೂ ಇಂಥದ್ದೇ ಹಿನ್ನೆಲೆಯಿದೆ: ಹಕ್ಕಿಯ ಹಿಕ್ಕೆ ಬೆರೆತ ಕೆರೆನೀರು ಅವರ ಗದ್ದೆಗೆ ಸಾರ. ಆದರೆ ನಂಬಿಕೆಯನ್ನೂ ಗೊಬ್ಬರವನ್ನೂ ಒಟ್ಟಿಗೆ ತೂಗಿದರೂ ಒಂದು ಕಡೆ ತಕ್ಕಡಿ ಏರುಪೇರಾಗುತ್ತದೆ. ಹುಣಸೆಹಣ್ಣು ಉದುರಿಸುವುದು ಮಾಘ, ಫಾಲ್ಗುಣದ ಸುಮಾರಿಗೆ. ಅದೇ ಹೊತ್ತಿಗೆ ಅದೇ ಕೊಂಬೆಗಳಲ್ಲಿ ಮರಿಗಳಿರುತ್ತವೆ. ಗಳ ಹಿಡಿದು ಕೊಂಬೆ ಬಡಿದರೆ ಹಣ್ಣಿನೊಂದಿಗೆ ಗೂಡೂ ಬೀಳುತ್ತದೆ. ಬಡಿಯದೆ ಬಿಟ್ಟರೆ ವರ್ಷದ ಫಸಲು ಹೋಯಿತು. ಹುಣಸೆಗೆ ಬೆಲೆ ಏರಿದಾಗಲೋ ಮನೆಯಲ್ಲಿ ಮದುವೆ ಎದ್ದಾಗಲೋ ಮರವನ್ನೇ ಸೌದೆಗೆ ಮಾರುವ ಆಸೆ ಯಾರಿಗೆ ಬರುವುದಿಲ್ಲ? ಮರವಿರುವುದು ಅವರ ಸ್ವಂತ ಜಮೀನಿನಲ್ಲಿ. ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ ಅವರು 1976ರಲ್ಲಿ ಈ ಊರಿನ ಗೂಡುಗಳನ್ನು ಹೊರಜಗತ್ತಿಗೆ ಪರಿಚಯಿಸಿದ ಮೇಲೆ ಅರಣ್ಯ ಇಲಾಖೆಯು ಗೂಡಿರುವ ಮರಗಳ ಒಡೆಯರಿಗೆ ಫಸಲಿನ ನಷ್ಟಕ್ಕೆ ಪರಿಹಾರ ಕೊಡುವ ಪದ್ಧತಿಯನ್ನು ತಂದಿತು.

ಹಣ ಕೊಟ್ಟರೆ ಅದು ಪ್ರೀತಿಯೇ, ತವರಿನ ಭಾವ ಬಾಡಿಗೆಯ ವ್ಯವಹಾರವಾಗಲಿಲ್ಲವೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ತವರಿಗೆ ಬಂದ ಮಗಳ ಬಾಣಂತನಕ್ಕೂ ಖರ್ಚಿದೆ. ಆ ಖರ್ಚನ್ನು ಅಣ್ಣತಮ್ಮಂದಿರು ಹಂಚಿಕೊಂಡರೆ ತಾಯಿಯ ಅಕ್ಕರೆ ಕಡಿಮೆಯಾಯಿತೆಂದು ಯಾರೂ ಹೇಳುವುದಿಲ್ಲ. ಹೆಜ್ಜಾರ್ಲೆ ಒಂದೂರಿನ ಸ್ವತ್ತಲ್ಲ. ಜಗತ್ತಿನ ಸಂರಕ್ಷಣಾ ಪಟ್ಟಿಯಲ್ಲಿ ಅದು ಅಪಾಯದ ಅಂಚಿಗೆ ಹತ್ತಿರವಾದ ಜಾತಿ. ಅದನ್ನು ಉಳಿಸುವ ಪುಣ್ಯ ಎಲ್ಲರಿಗೂ ಬೇಕು, ಫಸಲಿನ ನಷ್ಟ ಮಾತ್ರ ಒಬ್ಬನ ಹಿತ್ತಲಿಗೆ ಮೀಸಲು ಎಂದರೆ ಅದು ಅನ್ಯಾಯ. ಪರಿಹಾರದ ಮೊತ್ತ ಹುಣಸೆಯ ಬೆಲೆಗೆ ತಕ್ಕಂತೆ ಏರಬೇಕು, ಸಮಯಕ್ಕೆ ಸರಿಯಾಗಿ ಕೈಸೇರಬೇಕು. ಇದನ್ನು ಬಿಟ್ಟು ಎಷ್ಟು ಜಾಗೃತಿ ಶಿಬಿರ ನಡೆಸಿದರೂ ಅದು ಹಸಿದವನಿಗೆ ಉಪವಾಸದ ಮಹಿಮೆ ಹೇಳಿದಂತೆ.

ಹಣದಿಂದ ಮರ ಉಳಿಯಿತು, ಸರಿ. ಬಿದ್ದ ಮರಿಯನ್ನು ಏನು ಮಾಡಬೇಕೆಂಬುದು ಹಣಕ್ಕೂ ಗೊತ್ತಿಲ್ಲ, ನಂಬಿಕೆಗೂ ಗೊತ್ತಿಲ್ಲ. 1990ರ ದಶಕದಲ್ಲಿ ಮೈಸೂರು ಅಮೆಚೂರ್ ನ್ಯಾಚುರಲಿಸ್ಟ್ಸ್ ಸಂಸ್ಥೆಯ ಕೆ. ಮನು ಮತ್ತು ಸಂಗಡಿಗರು ಈ ಊರಿನಲ್ಲಿ ಕೆಲಸಕ್ಕಿಳಿದಾಗ ಹಿಡಿದದ್ದು ಈ ಎಳೆಯನ್ನೇ. ಊರಿನ ಯುವಕರು ಸೇರಿ ಹೆಜ್ಜಾರ್ಲೆ ಬಳಗ ಕಟ್ಟಿಕೊಂಡರು. ಗೂಡಿರುವ ಮರದ ಕೆಳಗೆ ಬಲೆ ಕಟ್ಟಿದರೆ ಬಿದ್ದ ಮರಿಗೆ ಪೆಟ್ಟಾಗುವುದಿಲ್ಲ. ಅನಾಥವಾದ ಮರಿಗಳಿಗೆ ತಂತಿಬೇಲಿಯ ಒಂದು ಆವರಣ ಮಾಡಿ, ಮೀನು ತಂದು ಉಣಿಸಿ, ರೆಕ್ಕೆ ಬಲಿತ ಮೇಲೆ ಹಾರಲು ಬಿಟ್ಟರು. ಈ ಬೇಲಿಯ ಒಳಗಿನ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಮರಿಗೆ ಎಷ್ಟು ಮೀನು ಬೇಕು, ಯಾವ ಗಾತ್ರದ್ದು ಗಂಟಲಲ್ಲಿ ಇಳಿಯುತ್ತದೆ, ಕಣ್ಣು ಮಂಕಾದರೆ, ತಿನ್ನಲು ಒಲ್ಲದಿದ್ದರೆ ಅದರರ್ಥವೇನು ಎಂಬುದನ್ನೆಲ್ಲ ಪುಸ್ತಕ ಓದಿ ಕಲಿಯುವುದಕ್ಕೂ ದಿನವೂ ಕೈಯಾರೆ ಉಣಿಸಿ ಕಲಿಯುವುದಕ್ಕೂ ಅಜಗಜಾಂತರ. ಹೀಗೆ ಕಲಿತವನು ಮುಂದೆ ಹೊರಗಿನಿಂದ ಬಂದ ಶಾಲಾ ಮಕ್ಕಳಿಗೆ ಹಕ್ಕಿಯ ವಿಷಯ ಹೇಳುವಾಗ ಉರು ಹೊಡೆದ ಮಾತು ಬರುವುದಿಲ್ಲ. ತವರಿನ ಮಗಳೆಂಬ ಹಳೆಯ ಮಾತಿಗೆ ಹಕ್ಕಿಯ ಮೈಯ ಉಷ್ಣತೆ, ಹಸಿವು, ರೋಗ ತಿಳಿದ ಹೊಸ ಅರಿವು ಕೂಡಿಕೊಂಡಿತು.

ಹೀಗೆ ಸಾಕಿದ ಮರಿಗಳಿಂದ ಹೆಜ್ಜಾರ್ಲೆಯ ಸಂತತಿ ಹೆಚ್ಚುತ್ತದೆಯೇ ಎಂದು ವಿಜ್ಞಾನಿಯೊಬ್ಬ ಕೇಳಿದರೆ, ಹೆಚ್ಚೇನಿಲ್ಲ ಎಂದೇ ಉತ್ತರಿಸಬೇಕು. ಗೂಡಿನಲ್ಲಿ ದುರ್ಬಲ ಮರಿ ಸಾಯುವುದು ಪ್ರಕೃತಿಯ ಲೆಕ್ಕದಲ್ಲೇ ಇದೆ. ಹಾರಿಹೋದ ಸಾಕುಮರಿಗಳಲ್ಲಿ ಎಲ್ಲವೂ ಬದುಕುತ್ತವೆಂಬ ಭರವಸೆಯೂ ಇಲ್ಲ. ಆದರೆ ಆ ಬೇಲಿಯನ್ನು ಮರಿ ಸಾಕುವ ಕೇಂದ್ರವೆಂದಷ್ಟೇ ನೋಡಿದಾಗ ಈ ಆಕ್ಷೇಪ ನಿಲ್ಲುತ್ತದೆ, ಪಾಠಶಾಲೆಯೆಂದು ನೋಡಿದಾಗ ಕರಗುತ್ತದೆ. ಬೆಳಿಗ್ಗೆ ಮರದ ಬುಡದಲ್ಲಿ ಮರಿ ಕಂಡ ಹುಡುಗ ಅದನ್ನು ಎತ್ತಿಕೊಂಡು ಬಳಗದವರ ಬಳಿಗೆ ಓಡುತ್ತಾನೆಂದರೆ, ಆ ಮರದಲ್ಲಿ ಉಳಿದ ಗೂಡುಗಳ ಮೇಲೂ ಅವನ ಕಣ್ಣಿರುತ್ತದೆ ಎಂದೇ ಅರ್ಥ. ಕಲ್ಲು ಹೊಡೆಯುವವನನ್ನು ಗದರುವವನೂ ಅವನೇ. ನೂರು ಫಲಕ ನೆಟ್ಟರೂ ಇಂಥ ಕಾವಲು ಸಿಗುವುದಿಲ್ಲ.

ಈ ಕಾವಲಿನ ಮಿತಿ ತಿಳಿದದ್ದು 2017ರ ಕೊನೆಯಿಂದ 2018ರವರೆಗೆ ಹೆಜ್ಜಾರ್ಲೆಗಳು ಒಂದರ ಹಿಂದೊಂದು ಸತ್ತು ಬಿದ್ದಾಗ. ಸತ್ತ ಹಕ್ಕಿಗಳ ಒಡಲಲ್ಲಿ ದುಂಡುಹುಳುಗಳ ಕಾಟ ಕಂಡುಬಂತು. ಅವು ತಿನ್ನುವ ಮೀನು, ಮೀನಿರುವ ನೀರು ಎರಡರ ಮೇಲೂ ಅನುಮಾನ ಹೋಯಿತು. ಹಕ್ಕಿ ಮಲಗುವುದು ಬೆಳ್ಳೂರಿನಲ್ಲಾದರೂ ಉಣ್ಣುವುದು ಸುತ್ತಲಿನ ಕೆರೆಗಳಲ್ಲಿ. ಅಲ್ಲಿಯ ನೀರು ಕೆಟ್ಟರೆ ಇಲ್ಲಿಯ ಅಕ್ಕರೆ ಏನು ಮಾಡೀತು? ಹಾಗಾದರೆ ಬೇಲಿ ಹಾಕಿ, ಟಿಕೆಟ್ ಇಟ್ಟು, ರಂಗನತಿಟ್ಟಿನ ಹಾಗೆ ಅಭಯಾರಣ್ಯ ಮಾಡಬಾರದೇಕೆ ಎಂಬ ಸಲಹೆಯೂ ಇದೆ. ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ರೂಪುಗೊಂಡ ರಂಗನತಿಟ್ಟಿಗೆ ಕಾವೇರಿಯೇ ಕೋಟೆ. ಗೂಡುಗಳಿರುವುದು ನಡುಗಡ್ಡೆಗಳಲ್ಲಿ, ಜನ ದೋಣಿಯಲ್ಲಿ ಕುಳಿತು ದೂರದಿಂದ ನೋಡುತ್ತಾರೆ. ಅದು ಅಲ್ಲಿಗೆ ಸರಿ. ಬೆಳ್ಳೂರಿನ ಹಕ್ಕಿಗಳು ಆಯ್ದುಕೊಂಡಿರುವುದು ಮನೆಗಳ ನಡುವಿನ ಮರಗಳನ್ನು. ಜನರನ್ನು ಹೊರಗಿಟ್ಟು ಕಾಯುತ್ತೇವೆಂದರೆ ಊರನ್ನೇ ಎಬ್ಬಿಸಬೇಕಾದೀತು. ಅದಕ್ಕೇ 2007ರಲ್ಲಿ ಇದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿದ್ದು ಸರಿಯಾದ ದಾರಿ. ಜನ ತಾವಾಗಿ ಮುಂದೆ ಬಂದು ಕಾಯುವ ನೆಲಕ್ಕೆ ಕಾನೂನಿನ ಬಲ ಕೊಡುವುದು ಈ ವ್ಯವಸ್ಥೆ. ಅದರ ಉಸ್ತುವಾರಿಯಲ್ಲಿ ಊರಿನ ಪ್ರತಿನಿಧಿಗಳಿಗೂ ಜಾಗವಿದೆ. ಮುಂದಿನ ಹೆಜ್ಜೆಯಾಗಿ ಈ ಪಾಠವನ್ನು ಕೆರೆಯಂಚಿನ ಊರುಗಳಿಗೆ ಒಯ್ಯಬೇಕು. ಮೀನುಗಾರರು, ಕೆರೆಗೆ ಕೊಳಚೆ ಬಿಡುವ ಪಟ್ಟಣದವರು, ಕೆರೆಯ ಹಕ್ಕು ಹರಾಜು ಹಾಕುವ ಪಂಚಾಯಿತಿಗಳು ಈ ಮಾತಿನೊಳಗೆ ಬಾರದಿದ್ದರೆ ಬೆಳ್ಳೂರಿನ ದುಡಿಮೆ ಅರ್ಧಕ್ಕೇ ನಿಲ್ಲುತ್ತದೆ.

ಊರೂ ಬದಲಾಗುತ್ತಿದೆ. ಹೆಂಚಿನ ಮನೆಯ ಜಾಗಕ್ಕೆ ತಾರಸಿ ಬರುತ್ತದೆ, ಓದಿದ ಮಕ್ಕಳು ಬೆಂಗಳೂರಿಗೆ ಹೋಗುತ್ತಾರೆ, ಹಳೆಯ ಹುಣಸೆಗಳು ಮುಪ್ಪಾಗುತ್ತವೆ. ಇಂದು ನೆಟ್ಟ ಆಲದ ಸಸಿ ಗೂಡು ಹೊರುವಷ್ಟು ಬೆಳೆಯಲು ದಶಕಗಳೇ ಬೇಕು. ಆದ್ದರಿಂದ ಅದನ್ನು ಈ ಮಳೆಗಾಲದಲ್ಲೇ ನೆಡಬೇಕು. ಹಕ್ಕಿ ನೋಡಲು ಹೋಗುವವರಿಗೆ ಕೇಳಿಕೊಳ್ಳುವುದಿಷ್ಟೇ. ಡಿಸೆಂಬರಿನಿಂದ ಮೇ ನಡುವೆ ಹೋಗಿ. ಗೂಡಿರುವ ಮರದಡಿ ಗದ್ದಲ ಮಾಡಬೇಡಿ, ಪಟಾಕಿ, ಧ್ವನಿವರ್ಧಕ ಬೇಡ. ಊರಿನವರಿಂದಲೇ ಕೇಳಿ ತಿಳಿಯಿರಿ. ಮರದ ಬುಡದಲ್ಲಿ ಮರಿ ಬಿದ್ದಿರುವುದು ಕಂಡರೆ ಮುಟ್ಟಬೇಡಿ, ಫೋಟೋ ತೆಗೆಯುತ್ತ ನಿಲ್ಲಬೇಡಿ. ಹತ್ತಿರದ ಮನೆಯ ಬಾಗಿಲು ಬಡಿದು ಹೇಳಿ.